ಮಾವನ ನೋವಿಗೆ ನಾನು ಬರೆದ ವಯಸ್ಸು

ಬೇರೆಯವರಿಗೆ ಮುಖ ನೋಡಿದರೆ ಹೆಸರು ನೆನಪಾಗುತ್ತದೆ. ನನಗೆ ನೆನಪಾಗುವುದು ಅವರ ಪಾಲಿಸಿಯಲ್ಲಿ ಯಾವ ಕಾಯಿಲೆಗೆ ದುಡ್ಡು ಬರುವುದಿಲ್ಲ ಎಂಬುದು. ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಹದಿನೇಳು ವರ್ಷ ಕೂತರೆ ಯಾರಾದರೂ ಹೀಗೇ ಆಗುತ್ತಾರೆ. ಮದುವೆಮನೆಯಲ್ಲಿ ಒಬ್ಬರು "ಮಂಡಿ ನೋವು ಕಣೇ" ಎಂದರೆ ಅಯ್ಯೋ ಪಾಪ ಎನ್ನುವ ಬದಲು "ಪಾಲಿಸಿ ಮಾಡ್ಸಿ ಎಷ್ಟು ವರ್ಷ ಆಯ್ತು?" ಎಂದುಬಿಡುತ್ತೇನೆ. ರವೀಂದ್ರನಗರದ ನಮ್ಮ ಬೀದಿಯಲ್ಲಿ ನನ್ನನ್ನು ಅರಿಶಿನ ಕುಂಕುಮಕ್ಕೆ ಕರೆಯುವವರಿಗಿಂತ ಫಾರಂ ತುಂಬಲು ಕರೆಯುವವರೇ ಹೆಚ್ಚು.

ನನ್ನ ಸೋದರಮಾವ ಭದ್ರಾವತಿಯವರು, ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡಿ ನಿವೃತ್ತರಾದವರು. ಕಬ್ಬಿಣವನ್ನು ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಕಡೆಯುತ್ತಿದ್ದ ಮನುಷ್ಯ ಮಾತಿಗೆ ಮಾತ್ರ ಎಂದೂ ಅಳತೆ ಇಟ್ಟವರಲ್ಲ. ಸಕ್ರೆಬೈಲಿನ ಆನೆ ಬಿಡಾರದಲ್ಲಿ ಆನೆಯೊಂದು ಸೊಂಡಿಲೆತ್ತಿದ್ದಕ್ಕೆ "ನನ್ನ ಗುರ್ತು ಹಿಡೀತು" ಎಂದು ವರ್ಷವಿಡೀ ಹೇಳಿಕೊಂಡು ತಿರುಗಿದವರು. ನಾಲ್ಕು ವರ್ಷದ ಹಿಂದೆ ನಾನೇ ಬೆನ್ನು ಹತ್ತಿ ಅವರಿಗೆ ಆರೋಗ್ಯ ವಿಮೆ ಮಾಡಿಸಿದ್ದೆ. ಹರ್ನಿಯಾ ಆಪರೇಷನ್ನಿಗೆಂದು ಅವರು ಅತ್ತೆಯ ಜೊತೆ ನಮ್ಮ ಆಸ್ಪತ್ರೆಗೇ ಬಂದರು.

ಅಂದು ಬೆಳಿಗ್ಗೆಯಷ್ಟೇ ಹೊಸದಾಗಿ ಸೇರಿದ ಹುಡುಗಿಗೆ ನಾನು ಭಾಷಣ ಬಿಗಿದಿದ್ದೆ: "ರೋಗಿ ಏನ್ ಹೇಳ್ತಾರೋ ಅದನ್ನೇ ಬರೀಬೇಕು. ನಮ್ದು ಅಂತ ಒಂದಕ್ಷರ ಸೇರಿಸ್ಬಾರ್ದು." ಮಾವನ ವಿಮೆ ಫಾರಂ ತುಂಬುವಾಗ ಅವಳು ಪಕ್ಕದಲ್ಲೇ ನೋಡುತ್ತಾ ನಿಂತಿದ್ದಳು.

"ಮಾವ, ನೋವು ಯಾವಾಗಿಂದ?"

"ಅಯ್ಯೋ ಮಾರಾಯ್ತಿ, ನೀನು ಲಂಗ ಹಾಕ್ಕೊಂಡು ಕುಂಟಾಬಿಲ್ಲೆ ಆಡ್ತಿದ್ದಾಗಿಂದ!"

ಅತ್ತೆ ನಕ್ಕರು. ಹುಡುಗಿ ನಕ್ಕಳು. ನಾನೂ ನಕ್ಕೆ. ನಗುತ್ತಲೇ ನನ್ನ ಬೆರಳುಗಳು ಲೆಕ್ಕ ಹಾಕಿ 'ಮೂವತ್ತು ವರ್ಷದಿಂದ' ಎಂದು ಟೈಪು ಮಾಡಿಬಿಟ್ಟವು. ನನ್ನ ಮೇಲಿನ ನಂಬಿಕೆಯಿಂದ ಡಾಕ್ಟರು ಓದದೆಯೇ ಸಹಿ ಹಾಕಿದರು. ನಿಜವಾಗಿ ನೋವು ಶುರುವಾಗಿ ಎರಡು ತಿಂಗಳಾಗಿತ್ತಷ್ಟೆ.

ಹಳೆಯ ಕಾಯಿಲೆ ಮುಚ್ಚಿಟ್ಟಿದ್ದಾರೆ ಎಂದು ವಿಮಾ ಕಂಪನಿಯವರು ಅರ್ಜಿ ತಿರಸ್ಕರಿಸಿದರು. ನೋವು ಎರಡೇ ತಿಂಗಳದ್ದೆಂದು ಡಾಕ್ಟರು ಕೊಟ್ಟ ಪತ್ರದ ಜೊತೆಗೆ ನಾನೂ ಬರೆದೆ: ರೋಗಿಗೆ ಮಾತನ್ನು ಹಿಗ್ಗಿಸಿ ಹೇಳುವ ಅಭ್ಯಾಸವಿದೆ. ಅಲ್ಲಿಂದ ಮರುದಿನವೇ ಉತ್ತರ ಬಂತು: ಈ ಅಭ್ಯಾಸ ಎಷ್ಟು ವರ್ಷಗಳಿಂದ ಇದೆ, ದಾಖಲೆ ಸಮೇತ ತಿಳಿಸಿ. ತಲೆ ಚಚ್ಚಿಕೊಂಡೆ. ನಾನು ಹಣ ಕೊಡುತ್ತೇನೆಂದರೆ ಮಾವ ಒಪ್ಪಲಿಲ್ಲ. ಅತ್ತೆಯ ಎರಡು ಬಳೆ ಮಾರಿ ಆಪರೇಷನ್ ಮಾಡಿಸಿಕೊಂಡರು. "ಹೋಗ್ಲಿ ಬಿಡೇ, ಕೈ ಹಗುರ ಆಯ್ತು" ಎಂದರು ಅತ್ತೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹದಿನೇಳು ವರ್ಷ ಪರರ ನೋವನ್ನು ಬರೆದ ನನಗೆ, ನನ್ನನ್ನು ಎತ್ತಿ ಆಡಿಸಿದವರ ತಮಾಷೆಯನ್ನು ತಮಾಷೆಯಾಗಿಯೇ ಬಿಡಲು ಬರಲಿಲ್ಲವಲ್ಲ.

ಮೊನ್ನೆ ಶುಕ್ರವಾರ ಭದ್ರಾವತಿಗೆ ಹೋಗಿದ್ದೆ. ಮಾವ ಬಾಗಿಲಲ್ಲಿ ಕೂತು ಪಕ್ಕದ ಮನೆಯವರಿಗೆ ಆಪರೇಷನ್ ಕತೆ ಹೇಳುತ್ತಿದ್ದರು. ಹೊಟ್ಟೆ ಕುಯ್ಯುವಾಗ ಡಾಕ್ಟರಿಗೇ ತಲೆ ಸುತ್ತು ಬಂದು, ಇವರೇ ಎದ್ದು ನೀರು ಕೊಟ್ಟರಂತೆ! ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ನನ್ನನ್ನು ಕಂಡದ್ದೇ ಕತೆ ನಿಂತಿತು.

"ಹೇಗಿದ್ದೀರಾ ಮಾವ?"

"ಮಂಗಳವಾರದಿಂದ ಸ್ವಲ್ಪ ಕೆಮ್ಮಿದೆ. ಅದಕ್ಕೂ ಮುಂಚೆ ಇರ್ಲಿಲ್ಲ," ಎಂದರು ಮಾವ, ನಗದೆ. "ಬರ್ಕೋ."

ನಾಚಿಕೆಗೆಟ್ಟ ಬುದ್ಧಿ ನನ್ನದು. ಕಣ್ಣಲ್ಲಿ ನೀರು ಬರುವ ಮೊದಲೇ ಅದು 'ಮೂರು ದಿನದಿಂದ' ಎಂದು ಲೆಕ್ಕ ಹಾಕಿ ಮುಗಿಸಿತ್ತು.