ಅಕ್ಕನ ಗಿರಣಿಯ ಮುಂದಿನ ಹೊಂಡ ಮತ್ತು ಚುಕ್ಕೆ ಇಲ್ಲದ ನನ್ನ ಪ್ರಶ್ನೆ

ಸರ್ಕಾರಕ್ಕೆ ಪ್ರಶ್ನೆ ಕೇಳುವುದು ಇಷ್ಟು ಸುಲಭ ಎಂದು ಗೊತ್ತಿದ್ದರೆ ನಾನು ಹತ್ತು ವರ್ಷ ಮೊದಲೇ ಕೇಳುತ್ತಿದ್ದೆ. ಉತ್ತರವೂ ಬರುತ್ತದೆ ಎಂದು ಗೊತ್ತಿದ್ದರೆ ಯಾವತ್ತೂ ಕೇಳುತ್ತಿರಲಿಲ್ಲ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಮಸಗುಪ್ಪಿ ದಾಟಿದ ಮೇಲೆ ಕಾಲುವೆಯ ದಂಡೆಗುಂಟ ಹೋಗುವ ರಸ್ತೆಯಲ್ಲಿ ನನ್ನದೊಂದು ಪಂಕ್ಚರ್ ಅಂಗಡಿ. ಎದುರಿಗೆ, ಕಾಲುವೆಯ ಮಗ್ಗುಲಿಗೆ, ನಮ್ಮಕ್ಕ ಶಾಂತವ್ವನ ಖಾರ ಕುಟ್ಟುವ ಗಿರಣಿ. ನಾಲ್ಕು ಗೋಡೆಗೂ ತಗಡು, ಮೇಲೂ ತಗಡು, ಒಳಗೊಂದು ಮೋಟಾರು. ಗಂಡ ತೀರಿಕೊಂಡ ಮೇಲೆ ಹುಕ್ಕೇರಿಯಿಂದ ವಾಪಸು ಬಂದವಳು ಕೊರಳಿನ ಬಂಗಾರ ಮಾರಿ ಹಾಕಿದ್ದು. ಬೇಸಿಗೆಯಲ್ಲಿ ಸುತ್ತಲಿನ ಊರುಗಳ ಹೆಂಗಸರು ಒಣಮೆಣಸಿನಕಾಯಿ ತರುತ್ತಿದ್ದರು. ಆ ಮೂರು ತಿಂಗಳ ದುಡಿಮೆಯ ಮೇಲೆ ಅವಳ ಇಡೀ ವರ್ಷ ನಿಂತಿತ್ತು.

ಗಿರಣಿಯ ಮುಂದೆ, ರಸ್ತೆಯ ನಡುವೆ, ಎಮ್ಮೆ ಆರಾಮಾಗಿ ಮಲಗುವಷ್ಟು ದೊಡ್ಡ ಹೊಂಡ. ಹೋದ ಬೇಸಿಗೆಯಲ್ಲಿ ಒಬ್ಬಾಕೆ ಮೆಣಸಿನಕಾಯಿ ಚೀಲದ ಸಮೇತ ಅದರಲ್ಲಿ ಬಿದ್ದಳು. ಎದ್ದವಳು ನೇರ ನಾಗನೂರಿನ ಗಿರಣಿಗೆ ಹೋದಳು. ಅವಳ ಹಿಂದೆ ಅವಳ ಓಣಿಯೇ ಹೋಯಿತು.

ಆ ಹೊಂಡದಿಂದ ಊರಲ್ಲಿ ಲಾಭವಾಗುತ್ತಿದ್ದುದು ಒಬ್ಬನಿಗೇ, ಪಂಕ್ಚರ್ ಅಂಗಡಿಯವನಿಗೆ! ಆದರೂ ಅದನ್ನು ಮುಚ್ಚಿಸಲು ನಾನೇ ಮುಂದಾದೆ. ಇದಕ್ಕೆ ತ್ಯಾಗ ಎನ್ನುತ್ತಾರೆ. ನಾನಂತೂ ಎಲ್ಲರೆದುರು ಹಾಗೇ ಎನ್ನುತ್ತಿದ್ದೆ.

ಗೋಕಾಕದ ಕಚೇರಿಗೆ ಹೋದೆ. "ಅದು ಕಾಲುವಿ ದಂಡಿ ರೀ, ನಮ್ಮ ರಸ್ತಾ ಅಲ್ಲ" ಎಂದರು. ಹುಕ್ಕೇರಿಯಲ್ಲಿ ಕಾಲುವೆಯವರ ಬಳಿ ಹೋದೆ. "ಡಾಂಬರು ಹಾಕಿದವ್ರು ನಾವಲ್ರಿ, ಹಾಕಿದವ್ರನ್ನ ಕೇಳ್ರಿ" ಎಂದರು. ಮೂಡಲಗಿಗೆ ಬಂದೆ. "ನಮ್ಮ ತಾಲೂಕ ಮೊನ್ನಿ ಹುಟ್ಟೇತ್ರಿ. ಹಳೇ ಕಾಗದ ಎಲ್ಲಾ ಗೋಕಾಕದಾಗ ಅದಾವ" ಎಂದರು. ಮೂರು ಊರು ಸುತ್ತಿ ನಾನು ಕಂಡುಕೊಂಡ ಸತ್ಯ ಇಷ್ಟು: ಹೊಂಡ ಭೂಮಿಯ ಮೇಲಿದೆ, ಭೂಮಿ ಯಾರದೂ ಅಲ್ಲ.

ಅಕ್ಕನಿಗೆ ಹೇಳಿದೆ. ಅವಳು ಮೋಟಾರಿಗೆ ಎಣ್ಣೆ ಬಿಡುತ್ತ ನಕ್ಕಳು.

"ಯಾರದೂ ಅಲ್ಲಂದ್ರ ಚಲೋನ ಆತಲ್ಲೋ ಮಲ್ಲ್ಯಾ! ಒಂದು ಟ್ರ್ಯಾಕ್ಟರ್ ಗರಸು ತರಸು. ನಾವ ಮುಚ್ಚೂನು."

ಅವಳು ಶಾಲೆಯ ಮುಖ ನೋಡಿದವಳಲ್ಲ. ನಾನು ನಾಲ್ಕು ವರ್ಷ ನೋಡಿದ್ದೇನೆ. ಆದ್ದರಿಂದ ಅವಳ ಮಾತು ಕೇಳಲಿಲ್ಲ.

"ಇದು ಹಕ್ಕಿನ ಪ್ರಶ್ನಿ ಐತಿ ಅಕ್ಕಾ. ಬೆಳಗಾವಿ ಅಧಿವೇಶನದಾಗ ಕೇಳಸ್ತೇನಿ!"

ಮತ್ತೆ ಗೋಕಾಕಕ್ಕೆ ಹೋಗಿ ಕಚೇರಿಯ ಮುಂದೆ ಕೂರುವ ಟೈಪಿಸ್ಟನ ಎದುರು ಕುಳಿತೆ. ಜಾಗ ಯಾರದು, ಜವಾಬ್ದಾರಿ ಯಾರದು, ಬಜೆಟ್ಟಿನಲ್ಲಿ ಹಣ ಇಟ್ಟಿದ್ದಾರೋ ಇಲ್ಲವೋ ಎಂದು ಬರೆಯಲು ಹೇಳಿದೆ. ಅವನು ಕನ್ನಡಕ ತೆಗೆದು ನನ್ನನ್ನು ನೋಡಿದ.

"ಕಾಕಾ, ಹೊಂಡ ಯಾವಾಗ ಮುಚ್ತೀರಿ ಅಂತ ಅಷ್ಟ ಕೇಳ್ರಿ. ಜಾಗಾದ ಸುದ್ದಿ ತಗೀಬ್ಯಾಡ್ರಿ."

"ನೀ ಟೈಪ್ ಮಾಡಪಾ. ಕೇಳಾಂವ ನಾನು."

ಕೇಳುವವನು ನಾನೇ! ಕಾಗದವನ್ನು ಒಬ್ಬ ಶಾಸಕರ ಆಪ್ತರ ಕೈಗೆ ಮುಟ್ಟಿಸಿದೆ. ಅವರು ಓದದೆಯೇ ಒಪ್ಪಿದರು. ನನ್ನ ಹಾಗೆಯೇ ಕೆಲಸದ ಮನುಷ್ಯರು.

ಅಧಿವೇಶನಕ್ಕೆ ಪಾಸೂ ಸಿಕ್ಕಿತು. ಅಕ್ಕ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯನ್ನು ಗೇಟಿನಲ್ಲೇ ಇಡಿಸಿಕೊಂಡರು. ಗ್ಯಾಲರಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಕೆಳಗೆ ಕುರ್ಚಿಗಳು ಬಹಳ ಇದ್ದವು, ಕುಳಿತವರು ಅಷ್ಟಿರಲಿಲ್ಲ. ನನ್ನ ಹೊಂಡದ ಹೆಸರು ಬಂದೀತೆಂದು ಕಾದೆ. ಬಾಜೂದವರು ಕೇಳಿದರು, "ನಿಮ್ಮ ಪ್ರಶ್ನಿಗೆ ಚುಕ್ಕಿ ಐತೇನ್ರಿ?"

ಚುಕ್ಕೆ ಇರುವ ಪ್ರಶ್ನೆಗೆ ಮಂತ್ರಿಗಳು ಎದ್ದು ನಿಂತು ಉತ್ತರ ಹೇಳುತ್ತಾರಂತೆ. ಚುಕ್ಕೆ ಇಲ್ಲದ್ದಕ್ಕೆ ಕಾಗದದಲ್ಲಿ ಬರುತ್ತದಂತೆ. ನನ್ನದಕ್ಕೆ ಚುಕ್ಕೆ ಇರಲಿಲ್ಲ. ಊರಿಗೆ ಬಂದು, ಸದನದಲ್ಲಿ ದೊಡ್ಡ ಗದ್ದಲ ಎದ್ದಿತು ಎಂದು ಅಕ್ಕನಿಗೆ ಹೇಳಿದೆ. ಗದ್ದಲ ಎದ್ದದ್ದು ಖರೆ. ಬೇರೆ ವಿಷಯಕ್ಕೆ.

ಸ್ವಲ್ಪ ದಿನಕ್ಕೆ ಉತ್ತರದ ಪ್ರತಿ ಬಂತು. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಸದರಿ ಜಾಗ ಯಾರದು? ಸರ್ಕಾರದ್ದು. ರಸ್ತೆ ಹಾಳಾಗಿರುವುದು ಗಮನಕ್ಕೆ ಬಂದಿದೆಯೇ? ಬಂದಿದೆ. ಆಯವ್ಯಯದಲ್ಲಿ ಹಣ ಒದಗಿಸಲಾಗಿದೆಯೇ? ಮೋಜಣಿ ಮಾಡಿಸಿ, ಒತ್ತುವರಿ ಇದ್ದಲ್ಲಿ ತೆರವುಗೊಳಿಸಿ, ತದನಂತರ ಅನುದಾನದ ಲಭ್ಯತೆಗೆ ಅನುಗುಣವಾಗಿ ಪರಿಶೀಲಿಸಲಾಗುವುದು. ಇಲ್ಲವಾದಲ್ಲಿ ಕಾರಣವೇನು? ಉದ್ಭವಿಸುವುದಿಲ್ಲ.

ಈಗ ಇದನ್ನು ಬಾಯಿಪಾಠ ಹೇಳುತ್ತೇನೆ. ಅಂದು ಮೊದಲಿನ ಎರಡು ಸಾಲು ಓದಿದೆ, ಉದ್ದದ್ದನ್ನು ಬಿಟ್ಟೆ.

"ಕಡೀಕ ಏನೋ ಬರದಾರಲ್ಲೋ?" ಎಂದಳು ಅಕ್ಕ.

"ಉದ್... ಉದ್ಭ... ಅದು ದೊಡ್ಡವ್ರ ಮಾತು. ಎಲ್ಲಾ ಬರೋಬರಿ ಆಗೇತಿ ಅಂತ."

ಆ ಕಾಗದವನ್ನು ಗಿರಣಿಯ ಬಾಗಿಲಿಗೇ ಅಂಟಿಸಿದೆ. ಬಂದವರೆಲ್ಲ ನೋಡಲಿ!

ಬಂದವರು ಅಳತೆಯವರು. ಖಾರದ ಘಾಟಿಗೆ ಸೀನುತ್ತಲೇ ಜೀಪಿನಿಂದ ಇಳಿದರು. ಅಕ್ಕ ಚಹಾ ಕೊಟ್ಟಳು. ಸರ್ವೆಯರ್ ಸಾಹೇಬರು ಸರಪಳಿ ಬಿಚ್ಚಿ, "ಈ ತುದಿ ಯಾರರೆ ಹಿಡೀರಿ" ಎಂದರು. ನಾನು ಜಿಗಿದು ಹಿಡಿದೆ.

"ಬಿಗ್ಯಾಗಿ ಎಳೀರಿ. ಸಡಲ ಬಿಟ್ರ ಅಳತಿ ತಪ್ಪತೈತಿ."

ಪ್ರಾಮಾಣಿಕವಾಗಿ ಎಳೆದೆ. ಇಷ್ಟು ಬಿಗಿಯಾಗಿ ಯಾರೂ ಎಳೆದಿಲ್ಲ ಎಂದು ಸಾಹೇಬರು ಹೊಗಳಿದರು. ಸರಪಳಿ ಗಿರಣಿಯ ಮುಂಬಾಗಿಲಿನಿಂದ ಒಳಹೊಕ್ಕು ಹಿಂದಿನ ತಗಡಿಗೆ ತಾಗಿತು.

ಪಂಚನಾಮೆ ಬರೆದರು. ಸಾಕ್ಷಿಗೆ ಪಂಚರು ಬೇಕು. ಊರವರು ಹಿಂದೆ ಸರಿದರು, ನಾನು ಮುಂದೆ ಬಂದೆ.

"ಓದಿ ಸಹಿ ಮಾಡೋ ಮಲ್ಲ್ಯಾ" ಎಂದಳು ಅಕ್ಕ ಹಿಂದಿನಿಂದ.

ಎರಡು ಪುಟ ಇತ್ತು. ನಾನು ಓದುವುದು ಬೆರಳಿಟ್ಟು, ಅಕ್ಷರ ಕೂಡಿಸಿ. ಸರ್ಕಾರಕ್ಕೇ ಪ್ರಶ್ನೆ ಹಾಕಿದ ಮನುಷ್ಯ ಹಾಗೆ ಓದುವುದನ್ನು ಊರವರು ನೋಡಬಾರದಿತ್ತು. ಕಣ್ಣನ್ನು ಕಾಗದದ ಮೇಲೆ ಸರಸರನೆ ಓಡಿಸಿ, "ಓದೇನಿ" ಎಂದು ಮೊದಲ ಸಹಿ ಹಾಕಿದೆ. ಈ ಕತೆಯಲ್ಲಿ ನಾನು ಒಪ್ಪಿಕೊಳ್ಳಬೇಕಾದದ್ದು ಇದೊಂದೇ. ಉಳಿದದ್ದು ದಡ್ಡತನ, ಇದು ಸುಳ್ಳು.

ಆಮೇಲೆ ಉತ್ತರದ ಕಾಗದದ ಮೇಲೆಯೇ ಇನ್ನೊಂದು ಕಾಗದ ಅಂಟಿಸಿ ಹೋದರು. "ಇದೇನೋ?" ಎಂದಳು ಅಕ್ಕ. "ರಸ್ತಾ ಕೆಲಸದ ನೋಟೀಸು" ಎಂದೆ. ಒಮ್ಮೆ ಓದು ಬಂದವನಾದ ಮೇಲೆ ಮತ್ತೆ ಬಾರದವನಾಗುವುದು ಹೇಗೆ?

ಹೋಳಿ ಮುಗಿದು ಗಿರಣಿಗೆ ಮೆಣಸಿನಕಾಯಿ ಬರತೊಡಗಿದ ವಾರ ಜೆಸಿಬಿ ಬಂತು. ಬಂದದ್ದೇ ಹೊಂಡದಲ್ಲಿ ಇಳಿದು ಟೈರು ಪಂಕ್ಚರ್ ಮಾಡಿಕೊಂಡಿತು. ನನಗೆ ಹಿಡಿಸಲಾರದ ಹಿಗ್ಗು. "ಅಕ್ಕಾ, ಹೊಂಡ ಮುಚ್ಚಾಕ ಬಂತು ನೋಡ!" ಎಂದು ಕೂಗಿದೆ.

"ಲಗೂ ಮಾಡ್ರಿ, ಸರ್ಕಾರದ ಕೆಲಸ ನಿಂತೈತಿ" ಎಂದ ಡ್ರೈವರ್.

ಲಗುವಾಗಿಯೇ ಮಾಡಿದೆ. ಊರಿನ ಕೆಲಸವೆಂದು ರೊಕ್ಕವನ್ನೂ ತೆಗೆದುಕೊಳ್ಳಲಿಲ್ಲ. ಟೈರಿಗೆ ಗಾಳಿ ತುಂಬಿಕೊಂಡ ಜೆಸಿಬಿ ಹೊಂಡ ದಾಟಿ ನೇರ ಗಿರಣಿಯ ಮುಂದೆ ನಿಂತಿತು. ಹಿಂದೆಯೇ ಜೀಪಿನಲ್ಲಿ ಬಂದ ಅಧಿಕಾರಿ, ಒತ್ತುವರಿ ತೆರವು ಎಂದರು.

"ಇದು ಒತ್ತುವರಿ ಅಂತ ಯಾರ ಹೇಳಿದ್ರಿ?" ಎಂದು ಅಕ್ಕ ಕೇಳಿದಳು. ಅಧಿಕಾರಿ ಫೈಲು ತೆರೆದು ತೋರಿಸಿದರು. "ನಿಮ್ಮ ತಮ್ಮಾರ ಸಹಿ ಐತಲ್ರಿ ಅವ್ವಾ. ಮೊದಲನೇ ಪಂಚ."

ಅಕ್ಕ ನನ್ನ ಕಡೆ ನೋಡಿದಳು. ಬೈಯಲಿಲ್ಲ. "ಮಂದೀ ಮೆಣಸಿನಕಾಯಿ ಐತಿ ಒಳಗ. ಚೀಲ ಹಿಡಿ" ಎಂದಳು ಅಷ್ಟೇ. ಚೀಲ ಹೊರಗೆ ತಂದೆವು, ಮೋಟಾರು ತಂದೆವು. ತಗಡು ಬಿದ್ದಾಗ ವರ್ಷಗಳ ಖಾರದ ಪುಡಿ ಎದ್ದು ಅಧಿಕಾರಿ, ಡ್ರೈವರ್, ಊರವರು ಎಲ್ಲರ ಕಣ್ಣಲ್ಲೂ ನೀರು ಬಂತು. ಅಕ್ಕನ ಕಣ್ಣಲ್ಲಿ ಬರಲಿಲ್ಲ. ಅವಳಿಗೆ ಖಾರ ರೂಢಿ.

ಈಗ ಗಿರಣಿಯ ಜಾಗದಲ್ಲಿ ಬೋರ್ಡು ನಿಂತಿದೆ: "ಇದು ಸರ್ಕಾರಿ ಜಾಗ." ಹೊಂಡ ಹಾಗೇ ಇದೆ. ಕೇಳಿದರೆ ಈ ಬಜೆಟ್ಟಿನಲ್ಲಿ ತೆರವಿಗೆ ಮಾತ್ರ ಹಣವಿತ್ತು, ಮುಚ್ಚುವುದು ಮುಂದಿನದರಲ್ಲಿ ಎನ್ನುತ್ತಾರೆ. ಅಕ್ಕ ಮುಂಜಾನೆಯ ಬಸ್ಸಿಗೆ ಹುಕ್ಕೇರಿಗೆ ಹೋಗಿ ಬೇರೆಯವರ ಗಿರಣಿಯಲ್ಲಿ ಖಾರ ಕುಟ್ಟುತ್ತಾಳೆ.

ಹೋದ ವಾರ ಆ ಬಸ್ಸೂ ಹೊಂಡಕ್ಕೆ ಬಿದ್ದು ಪಂಕ್ಚರ್ ಆಯಿತು. ಅಕ್ಕನ ಕಿಟಕಿಯ ಕೆಳಗೇ ಕುಳಿತು ನಾನು ಗಾಲಿ ಬಿಚ್ಚುತ್ತಿದ್ದೆ. ಕಂಡಕ್ಟರ್ ಹೊಸಬ. ನನ್ನನ್ನು ತೋರಿಸಿ ಅಕ್ಕನಿಗೆ ಕೇಳಿದ, "ಇವ್ರು ನಿಮ್ಮ ತಮ್ಮ ಅಂತಲ್ರಿ, ಹೌದೇನ್ರಿ?"

ಅಕ್ಕ ನನ್ನ ಕಡೆ ತಿರುಗಲಿಲ್ಲ. ನಾನು ಓದಲಾರದೆ ತಡವರಿಸಿದ್ದ ಪದವನ್ನು, ಶಾಲೆಯ ಮುಖ ನೋಡದವಳು, ಯಾರಿಂದ ಓದಿಸಿಕೊಂಡಿದ್ದಳೋ, ಒಂದಕ್ಷರ ತಪ್ಪದೆ ಹೇಳಿದಳು:

"ಉದ್ಭವಿಸುವುದಿಲ್ಲ."

ಬಸ್ಸಿನವರೆಲ್ಲ ನಕ್ಕರು. ನಾನು ನಟ್ಟು ಬಿಗಿ ಮಾಡಿದೆ. ಎಳೆದು ಬಿಗಿ ಮಾಡುವುದರಲ್ಲಿ ನನ್ನ ಕೈ ಚಲೋ ಎಂದು ಸರ್ಕಾರವೇ ಹೇಳಿದೆ!