ಕಮಲಾಕ್ಷರು ಬಸ್ಸು ತುಂಬಿಸಿದ್ದು

"ನಮ್ಮ್ ಬದಿಯ ಜನ ಅಂದ್ರೆ ಎಂತ ಅಂದೇಳಿ ಆ ಬೈಂದೂರಿನವ್ರಿಗೆ ತೋರ್ಸದಿದ್ರೆ ನನ್ ಹೆಸ್ರ್ ಕಮಲಾಕ್ಷ ಅಲ್ಲ" ಎಂದು ಬ್ರಹ್ಮಾವರದ ಕಮಲಾಕ್ಷರು ಶಪಥ ಮಾಡಿದಾಗ ಅವರ ಕೈಯಲ್ಲಿದ್ದದ್ದು ಗದೆಯಲ್ಲ, ಅರ್ಧ ತಿಂದ ನೀರುದೋಸೆ.

"ಹಾಂಗಾರೆ ಬೇರೆ ಹೆಸ್ರ್ ಒಂದ್ ಈಗ್ಲೇ ಹುಡ್ಕಿ ಇಡಿ" ಎಂದರು ಹೆಂಡತಿ ಪದ್ಮಾಕ್ಷಿ, ಕಾವಲಿಯಿಂದ ಕಣ್ಣೆತ್ತದೆ.

ಶಪಥಕ್ಕೆ ಕಾರಣವಿತ್ತು. ಮಗ ಸುಜಯನಿಗೆ ಬೈಂದೂರಿನ ಸುಧಾಕರರ ಮಗಳನ್ನು ನೋಡಲು ಅಪ್ಪ, ಅಮ್ಮ, ಮಗ ಮೂವರೇ ಹೋಗಿದ್ದರು. ಬೈಂದೂರಿನ ತನಕ ಬಸ್ಸು, ಅಲ್ಲಿಂದ ಆಟೋ. ಹುಡುಗ ಹುಡುಗಿ ಒಪ್ಪಿದರು, ಸುಧಾಕರರೂ ಒಪ್ಪಿದರು. ಆದರೆ ಹುಡುಗಿಗೆ ಒಬ್ಬ ಸೋದರಮಾವ ಇದ್ದರು, ಕೋಟೇಶ್ವರದ ತಿಮ್ಮಣ್ಣ. ಅಂದು ಅವರು ಅಲ್ಲಿರಲಿಲ್ಲ. ಆಮೇಲೆ ಸುದ್ದಿ ಕೇಳಿ, "ಹುಡ್ಗ ಅಡ್ಡಿಲ್ಲೆ. ಆರೆ ಹೆಣ್ಣ್ ಕಾಂಬುಕೆ ಮೂರೇ ಜನವಾ? ಅದೂ ಆಟೋದಗೆ? ಅವ್ರಿಗೆ ಹಿಂದ್ ಮುಂದ್ ಯಾರೂ ಇಲ್ಯಾ?" ಎಂದರಂತೆ. ಈ ಮಾತು ನಾಲ್ಕಾರು ಬಾಯಿ ದಾಟಿ, ದಾಟಿದಲ್ಲೆಲ್ಲ ಸ್ವಲ್ಪ ಉಪ್ಪುಖಾರ ಹಚ್ಚಿಸಿಕೊಂಡು, ಕಮಲಾಕ್ಷರ ಕಬ್ಬಿಣದ ಸಾಮಾನಿನ ಅಂಗಡಿಗೆ ಬಂದು ತಲುಪಿತು. ಅವರು ಅಂದೇ ಸುಧಾಕರರಿಗೆ ಫೋನು ಮಾಡಿ, "ನಿಶ್ಚಯಕ್ಕೆ ನಮ್ಮ್ ಬದಿಯಿಂದ ಒಂದ್ ಬಸ್ಸ್ ಜನ. ಹೆಚ್ಚಾರೂ ಆಯ್ತ್, ಕಡ್ಮಿ ಆತಿಲ್ಲೆ" ಎಂದು ಘೋಷಿಸಿಬಿಟ್ಟರು.

ಘೋಷಿಸಿದ ಮೇಲೆ ಬಸ್ಸು ಹುಡುಕಲು ಹೊರಟರು! ಎರಡು ಸಾವಿರದ ನಾಲ್ಕನೇ ಇಸವಿಯ ಮೇ ತಿಂಗಳು, ಮದುವೆಯ ಭರಾಟೆ. ಟೂರಿಸ್ಟ್ ಬಸ್ಸುಗಳೆಲ್ಲ ಯಾರ್ಯಾರದೋ ದಿಬ್ಬಣಕ್ಕೆ ಹೋಗಿ ಆಗಿತ್ತು. ಕೊನೆಗೆ ದಿನವೂ ಬ್ರಹ್ಮಾವರದಿಂದ ಬೈಂದೂರಿಗೆ ಓಡುವ ನೀಲಿ ಬಣ್ಣದ ಸರ್ವಿಸ್ ಬಸ್ಸನ್ನೇ ಆ ಭಾನುವಾರದ ಮಟ್ಟಿಗೆ ಡ್ರೈವರ್ ಸಮೇತ ಸ್ಪೆಷಲ್ ಗೊತ್ತು ಮಾಡಿದರು. "ನಮ್ಮ್ ಡ್ರೈವರ್ ಮುತ್ತ ಆ ರಸ್ತಿಯಗೆ ಕಣ್ಣ್ ಮುಚ್ಚಿ ಬಸ್ಸ್ ಬಿಡ್ತ" ಎಂದು ಮಾಲೀಕರು ಭರವಸೆ ಕೊಟ್ಟರು.

"ಕಣ್ಣ್ ಬಿಟ್ಕಂಡೇ ಬಿಡುಕೆ ಹೇಳಿ" ಎಂದರು ಪದ್ಮಾಕ್ಷಿ.

ಇನ್ನು ಜನ. ಬಂಧುಗಳನ್ನು ಕರೆದರೆ ಒಬ್ಬರಾದರೂ ಇಲ್ಲ ಎನ್ನಲಿಲ್ಲ. "ಕಾಂಬ", "ನಾವ್ ರಸ್ತಿ ಬದಿಯಗೆ ಹತ್ತುತ್ತೊ, ನೀವ್ ಹೊರಡಿ" ಎಂದು ಎಲ್ಲರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಕಮಲಾಕ್ಷರು ಆ ದೀಪಗಳನ್ನೆಲ್ಲ ಹೌದು ಎಂದೇ ಎಣಿಸಿಕೊಂಡರು. ಅದೇ ಭಾನುವಾರ ಬಾರಕೂರಿನಲ್ಲಿ ಅವರದೇ ಕುಟುಂಬದ ಇನ್ನೊಬ್ಬರ ಮನೆಯೊಕ್ಕಲು ಇದೆಯೆಂಬುದು ಅವರ ಗಮನಕ್ಕೇ ಬಂದಿರಲಿಲ್ಲ. ಉಳಿದ ಬಂಧುಗಳ ಗಮನಕ್ಕೆ ಬಂದಿತ್ತು. ಅಲ್ಲಿ ಊಟ ಹತ್ತಿರ, ಪ್ರಯಾಣ ಕಡಿಮೆ.

ಅಂತೂ ಭಾನುವಾರ ಬೆಳಿಗ್ಗೆ ಬಸ್ಸಿನ ಮೂತಿಗೆ ಮಾವಿನೆಲೆ, ಬಾಳೆಕಂದು ಕಟ್ಟಿ ದಂಡಯಾತ್ರೆ ಹೊರಟಿತು. ಮನೆಯೆದುರು ಹತ್ತಿದವರು ಹದಿಮೂರು ಜನ, ಅದರಲ್ಲಿ ಒಂದು ಮಡಿಲ ಕೂಸು. ಅಷ್ಟೂ ಜನರನ್ನು ನುಂಗಿಯೂ ಬಸ್ಸು ಹಸಿದ ಹಾಗೇ ಕಾಣುತ್ತಿತ್ತು.

"ಸಾಲಿಗ್ರಾಮದಗೆ ಭಾವನ ಸಂಸಾರವೇ ಹತ್ತುತ್ತ್, ಕಾಣ್" ಎಂದರು ಕಮಲಾಕ್ಷರು.

ಸಾಲಿಗ್ರಾಮದಲ್ಲಿ ಭಾವ ರಸ್ತೆ ಬದಿಯಲ್ಲೇ ಕೊಡೆ ಹಿಡಿದು ನಿಂತಿದ್ದರು. ಬಸ್ಸು ನಿಂತಿತು. ಭಾವ ಹತ್ತಲಿಲ್ಲ. "ನಮ್ಗೆ ಬಪ್ಪುಕೆ ಆತಿಲ್ಲೆ ಅಂದೇಳಿ ಹೇಳುಕೇ ನಿಂತದ್. ಹೇಳ್ದೆ ಉಳ್ಕಂಡ್ರೆ ನಿಮ್ಗೆ ಬೇಜಾರ್ ಆತ್ತಲ್ದಾ" ಎಂದು ಹೇಳಿ ಬಾರಕೂರಿನ ಕಡೆಗೆ ನಡೆದರು.

ಕೋಟ ದಾಟಿತು, ಯಾರೂ ಇಲ್ಲ. ತೆಕ್ಕಟ್ಟೆಯಲ್ಲಿ ಮಾತ್ರ ಬಸ್ಸು ತಾನಾಗಿಯೇ ನಿಂತಿತು. ಗುರುತಿಲ್ಲದ ಇಬ್ಬರು ಹತ್ತಿ, "ಕುಂದಾಪ್ರ ಎರಡ್" ಎಂದು ಕಮಲಾಕ್ಷರ ಮುಂದೆ ನೋಟು ಚಾಚಿದರು.

ರೇಷ್ಮೆ ಶಾಲು ಹೊದ್ದ ಹುಡುಗನ ಅಪ್ಪನನ್ನು ಕಂಡಕ್ಟರ್ ಮಾಡಿದರೆ ಹೇಗಾಗಬೇಡ! "ಇದ್ ಸ್ಪೆಷಲ್. ಇಳೀರಿ" ಎಂದು ಅವರನ್ನು ಇಳಿಸಿ, ಕಮಲಾಕ್ಷರು ಮುತ್ತನ ಮೇಲೆ ಎಗರಿದರು. "ಎಂತಕ್ಕಾ ನಿಲ್ಸದ್ ನೀನ್?"

"ನಾ ನಿಲ್ಸಲಿಲ್ಲೆ ಅಣ್ಣ, ಕಾಲೇ ನಿಲ್ಸತ್" ಎಂದ ಮುತ್ತ ಬಹಳ ವಿನಯದಿಂದ. "ಸ್ಪೆಷಲ್ ಅಂದೇಳಿ ನಂಗೆ ಗೊತ್ತಿತ್ತ್. ಬ್ರೇಕಿನ ಕಾಲಿಗೆ ಗೊತ್ತಿಲ್ಲೆ."

ಕಮಲಾಕ್ಷರು ಸೀಟಿಗೆ ಕುಸಿದು ಹಿಂದೆ ತಿರುಗಿ ನೋಡಿದರು. ಖಾಲಿ ಸೀಟುಗಳೆಲ್ಲ ತಿಮ್ಮಣ್ಣನ ದನಿಯಲ್ಲಿ "ಹಿಂದ್ ಮುಂದ್ ಯಾರೂ ಇಲ್ಯಾ" ಎಂದು ಕೇಳುತ್ತಿದ್ದವು. ಅಲ್ಲಿ ಬೈಂದೂರಿನಲ್ಲಿ ಒಂದು ಬಸ್ಸು ಜನಕ್ಕೆ ಅನ್ನ ಬೇಯುತ್ತಿದೆ. ಹದಿಮೂರು ಜನ ಇಳಿದರೆ ಮಾನ ಹೋಗುತ್ತದೆ. ಸುಜಯನ ತಲೆ ಜೀವಮಾನವಿಡೀ ಮಾವನ ಮನೆಯಲ್ಲಿ ತಗ್ಗಿಯೇ ಇರುತ್ತದೆ. ಸುಜಯ ಮಾತ್ರ ಡ್ರೈವರನ ಕನ್ನಡಿಯಲ್ಲಿ ಕ್ರಾಪು ಸರಿ ಮಾಡಿಕೊಳ್ಳುತ್ತಿದ್ದ.

ಕೋಟೇಶ್ವರದಲ್ಲಿ ಮುತ್ತನ ಕಾಲು ಮತ್ತೆ ನಿಲ್ಲಿಸಿತು. ಈ ಸಲ ಹತ್ತಿದ್ದು ಒಬ್ಬಿಬ್ಬರಲ್ಲ, ಒಂದು ಹಿಂಡು. ಎಲ್ಲರೂ ಲಕ್ಷಣವಾದ ಸೀರೆ, ಇಸ್ತ್ರಿ ಪಂಚೆ, ತಲೆಯಲ್ಲಿ ಮಲ್ಲಿಗೆ. "ಬೈಂದೂರ್ ಹೋತ್ತಲ್ದಾ?" ಎಂದು ಕೇಳಿದರು. "ಇಳೀರಿ" ಎನ್ನಲು ಬಾಯಿ ತೆರೆದ ಕಮಲಾಕ್ಷರ ತಲೆಯಲ್ಲಿ ಆಗಲೇ ದೀಪ ಹತ್ತಿತು.

"ಹೋತ್ತ್, ಹೋತ್ತ್. ಕೂಕಣಿ, ಟಿಕೇಟ್ ಇಲ್ಲೆ!"

ಆಮೇಲೆ ಅವರು ಮುತ್ತನ ಕಾಲಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟರು. ಕುಂದಾಪುರದಲ್ಲಿ ಇನ್ನಷ್ಟು ಜನ, ಹೆಮ್ಮಾಡಿಯಲ್ಲಿ ಮತ್ತಷ್ಟು. ತ್ರಾಸಿಗೆ ಬರುವಾಗ ನಿಲ್ಲಲೂ ಜಾಗವಿಲ್ಲ. ಹತ್ತಿದವರೆಲ್ಲ ಮದುವೆಮನೆಗೆ ಹೊರಟವರ ಹಾಗೆ ಉಟ್ಟುತೊಟ್ಟದ್ದು ಕಂಡು, ದೇವರು ಕೊಟ್ಟರೆ ಜರಿ ಸಮೇತ ಕೊಡುತ್ತಾನೆ ಎಂದು ಕಮಲಾಕ್ಷರು ಕಣ್ಣು ತುಂಬಿಕೊಂಡರು.

ಮರವಂತೆ ಬಂತು. ಎಡಕ್ಕೆ ಕಡಲು, ಬಲಕ್ಕೆ ಹೊಳೆ. ಯಾರೂ ಹೊರಗೆ ನೋಡುವಂತಿಲ್ಲ! ಕಮಲಾಕ್ಷರು ಕಂಬಿ ಹಿಡಿದು ಎದ್ದು ನಿಂತು ಭಾಷಣ ಸುರು ಮಾಡಿದರು. "ಹ್ವಾಯ್, ಎಲ್ಲ ಒಂಚೂರ್ ಕೇಣಿ. ನಂಗೊಂದ್ ಉಪಕಾರ ಮಾಡ್ಕ್. ಬೈಂದೂರಿನ ಸುಧಾಕರರ ಮಗಳಿಗೂ ನನ್ ಮಗನಿಗೂ ಇವತ್ತ್ ನಿಶ್ಚಯ. ನೀವೆಲ್ಲ ಹುಡ್ಗನ ಬದಿಯವ್ರ್ ಅಂದೇಳಿ ಬಂದ್ ಉಂಡ್ಕಂಡ್ ಹೋಯ್ಕ್. ಪಾಯ್ಸ ಎರಡ್ ಬಗೆ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪದ್ಮಾಕ್ಷಿಯ ಪಕ್ಕ ಕುಳಿತಿದ್ದ ಅಕ್ಕು ಎಂಬ ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಅಡ್ಡಿಲ್ಲೆ. ಅದ್ಕೆಂತ, ಬಪ್ಪ" ಎಂದರು. ಆಮೇಲೆ ಪದ್ಮಾಕ್ಷಿಯತ್ತ ಬಾಗಿ ಕಿವಿಯಲ್ಲಿ ಏನೋ ಹೇಳಿದರು.

"ಹ್ವಾಯ್, ಇಲ್ಕೇಣಿ" ಎಂದರು ಪದ್ಮಾಕ್ಷಿ.

"ನೀ ಸುಮ್ನಿರ್."

ಕಮಲಾಕ್ಷರು ಸಂಬಂಧ ಹಂಚತೊಡಗಿದರು. ನೀವು ಚಿಕ್ಕಪ್ಪ, ನೀವು ಅತ್ತೆ, ನೀವು ಮುಂಬೈಯಿಂದ ಬಂದ ಭಾವ. ಮುಂದಿನ ಸೀಟಿನಲ್ಲಿ ಗಿರಿಜಾಮೀಸೆಯ ಗಂಭೀರ ಹಿರಿಯರೊಬ್ಬರಿದ್ದರು. ಅವರನ್ನು ನೋಡಿ, "ನೀವ್ ಹುಡ್ಗನ ದೊಡ್ಡಪ್ಪ. ಈ ಅಕ್ಕಮ್ಮ ದೊಡ್ಡಮ್ಮ" ಎಂದರು.

"ಅಯ್ಯೋ ದೇವ್ರೇ, ಇವ್ರ್ ನಂಗ್ ಅಣ್ಣ ಆಯ್ಕ್" ಎಂದರು ಅಕ್ಕು. "ಗಂಡ ಮಾಡ್ಬ್ಯಾಡಿ."

"ಒಂದೇ ಮನಿಯವ್ರಾ? ಒಳ್ಳೇದೇ ಆಯ್ತ್. ಹಾಂಗಾರೆ ನೀವ್ ಸೋದ್ರತ್ತೆ."

"ಹ್ವಾಯ್, ಇಲ್ಕೇಣಿ ಅಂದೆ" ಎಂದು ಪದ್ಮಾಕ್ಷಿ ಶಾಲು ಜಗ್ಗಿದರು. ಕಮಲಾಕ್ಷರು ಶಾಲು ಬಿಡಿಸಿಕೊಂಡರು.

"ಇಷ್ಟೆಲ್ಲ ಎಂತಕ್ಕೆ?" ಎಂದು ಮೀಸೆಯ ಹಿರಿಯರು ಕೇಳಿದರು.

"ಹುಡ್ಗಿಗೊಬ್ಬ ಸೋದ್ರಮಾವ ಇದ್ದ. ನಾ ಮುಖ ಕಂಡಿಲ್ಲೆ, ಕಾಂಬುದೂ ಬ್ಯಾಡ. ಮಂದಿ ತಲಿ ಲೆಕ್ಕ ಮಾಡುದೇ ಅವನ ಕಸ್ಬ್. ಮೂರ್ ಜನ ಬಂದ್ರ್, ಆಟೋದಗೆ ಬಂದ್ರ್ ಅಂದೇಳಿ ಊರೆಲ್ಲ ಸಾರ್ದ. ಅಂತವ್ರಿಗೆ ಮೂಗ್ ಉದ್ದ ಇರ್ತ್, ಬೇಕಾರೆ ಕಾಣಿ."

ಹಿರಿಯರು ಮೆಲ್ಲಗೆ ತಮ್ಮ ಮೂಗು ಮುಟ್ಟಿ ನೋಡಿಕೊಂಡು, "ಕಾಂಬ" ಎಂದರು. ಪದ್ಮಾಕ್ಷಿ ಮೂರನೇ ಸಲ "ಇಲ್ಕೇಣಿ" ಎಂದು, ಗಂಡ ಕೇಳದಿದ್ದಾಗ ಅಕ್ಕು ಕೊಟ್ಟ ಮಲ್ಲಿಗೆ ಮುಡಿದು ಸುಮ್ಮನೆ ಕುಳಿತುಬಿಟ್ಟರು.

ಬೈಂದೂರಿನ ಸಭಾಭವನದ ಎದುರು ಬಸ್ಸು ಬಾಗಿ ನಿಂತಿತು. ಕಮಲಾಕ್ಷರು ಎದೆಯುಬ್ಬಿಸಿ ಇಳಿದು, ಹಿಂದಿನಿಂದ ಇಳಿಯುವ ಸೈನ್ಯವನ್ನು ಕೈಬೀಸಿ ತೋರಿಸಿದರು. ಸೈನ್ಯ ಇಳಿಯಿತು. ಇಳಿದದ್ದೇ ಅವರನ್ನು ದಾಟಿ, ಸ್ವಂತ ಮನೆಗೆ ನುಗ್ಗುವ ಹಾಗೆ ಒಳಗೆ ನುಗ್ಗಿತು! ಚಿಕ್ಕಪ್ಪ ಅಡುಗೆಯವರನ್ನು ವಿಚಾರಿಸಲು ಓಡಿದರು. ಮುಂಬೈ ಭಾವ ಕುರ್ಚಿ ಜೋಡಿಸತೊಡಗಿದರು. ಸೋದರತ್ತೆ ಅಕ್ಕು ಬೆಲ್ಲದ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ಅವರ ಪಕ್ಕದಲ್ಲಿ ನೀರಿನ ಚೆಂಬು ಹಿಡಿದು ದೊಡ್ಡಪ್ಪ ನಿಂತರು. ಬಾಗಿಲ ಹೊರಗೆ ಉಳಿದವರು ಹದಿಮೂರು ಜನ.

"ಬನಿ ಬೀಗ್ರೇ, ಕಾಲ್ ತೊಳ್ಕಣಿ" ಎಂದರು ದೊಡ್ಡಪ್ಪ. "ನಾನೇ ತಿಮ್ಮಣ್ಣ. ಮೂಗ್ ಕಂಡ್ರ್ಯಾ?"

ಕಮಲಾಕ್ಷರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅದು ಬಿಡಲಿಲ್ಲ. ಸುಧಾಕರರು ಓಡಿ ಬಂದು ಅವರ ಎರಡೂ ಕೈ ಹಿಡಿದುಕೊಂಡರು. "ಬೀಗ್ರೇ, ನಮ್ಮ್ ಬದಿಯವ್ರ್ ದಿನಾ ಬಪ್ಪು ಬಸ್ಸೇ ಇವತ್ತ್ ಇಲ್ಲೆ ಅಂದೇಳಿ ನಂಗೆ ಮಂಡಿಬೆಚ್ಚ ಆಯಿತ್ತ್. ನೀವೇ ಎಲ್ಲರ್ನೂ ಹತ್ಸ್ಕಂಡ್ ಬಂದ್ರ್ಯಲ್ಲ, ಎಂತ ದೊಡ್ಡ್ ಮನ್ಸ್ ನಿಮ್ದ್. ನಿಮ್ಮ್ ಜನದ್ ಬಸ್ಸ್ ಹಿಂದಿಂದ ಬತ್ತಿತ್ತಾ?"

ಕಮಲಾಕ್ಷರು ರಸ್ತೆಯ ಕಡೆಗೆ ಒಮ್ಮೆ ತಿರುಗಿ ನೋಡಿದರು. ಮಾನ ಹೋಗುವುದು ಹೀಗೆ, ತಣ್ಣಗೆ, ಬೆಲ್ಲ ನೀರಿನ ಎದುರಿಗೆ.

"ಬೇರೆ ಬಸ್ಸ್ ಎಂತಕ್ಕೆ?" ತಿಮ್ಮಣ್ಣ ಗಟ್ಟಿಯಾಗಿ ಹೇಳಿದರು. "ನಾನೇ ಹುಡ್ಗನ ದೊಡ್ಡಪ್ಪ. ಮರವಂತಿಯಗೆ ನೇಮಕ ಆಯ್ತ್."

ಅಕ್ಕು ಮುಚ್ಚಿಟ್ಟಿದ್ದ ನಗು ಕಟ್ಟೆ ಒಡೆಯಿತು. ಆಮೇಲೆ ಸಭಾಭವನವೇ ನಕ್ಕಿತು. ತಾಂಬೂಲ ಬದಲಾಯಿಸುವಾಗ ತಿಮ್ಮಣ್ಣ ನಿಜಕ್ಕೂ ಬಂದು ಹುಡುಗನ ಕಡೆಯ ಚಾಪೆಯಲ್ಲಿ ಕಮಲಾಕ್ಷರಿಗೆ ಒತ್ತಿ ಕುಳಿತರು. ಆಗ ಕಮಲಾಕ್ಷರಿಗೆ ಬಂದ ಸಮಾಧಾನ ಅಷ್ಟಿಷ್ಟಲ್ಲ, ನಾಚಿಕೆಯೂ ಅಷ್ಟೇ ಇತ್ತು.

"ನಿಂಗ್ ಗೊತ್ತಿದ್ದೂ ನೀ ಹೇಳ್ಲಿಲ್ಯಲೆ" ಎಂದು ಊಟದ ಪಂಕ್ತಿಯಲ್ಲಿ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರು.

"ಮೂರ್ ಸಲ ಇಲ್ಕೇಣಿ ಅಂದೆ" ಎಂದರು ಪದ್ಮಾಕ್ಷಿ. "ಹೊಸ ಹೆಸ್ರ್ ಹುಡ್ಕಿರ್ಯಾ?"

ಹೊರಡುವಾಗ ಕಮಲಾಕ್ಷರು ತಿಮ್ಮಣ್ಣನ ಎದುರು ಕೈಕಟ್ಟಿ ನಿಂತು, "ದೊಡ್ಡಪ್ಪ, ಮದಿ ದಿಬ್ಬಣಕ್ಕೆ ನಮ್ಮ್ ಬದಿಯಿಂದ ಎಷ್ಟ್ ಜನ ಬರ್ಕ್, ನೀವೇ ಹೇಳಿ" ಎಂದರು.

ತಿಮ್ಮಣ್ಣ ಮೀಸೆ ನೀವಿಕೊಂಡರು.

"ನೀವ್ ಮೂರೇ ಜನ ಸಾಕ್, ಆಟೋದಗೇ ಬನಿ. ಬಸ್ಸ್ ಮಾತ್ರ ಖಾಲಿ ಕಳ್ಸಿ. ನಿಮ್ಮ್ ಬದಿಯವ್ರೆಲ್ಲ ನಾವ್ ಕೋಟೇಶ್ವರದಗೆ ಕಾಯ್ತಾ ಇರ್ತೊ."