ಸೊಸೆಯ ಸೈಕಲ್ಲಿಗೆ ಸರ್ವಾಲಂಕಾರ

ಸೊಸೆ ಮೇಘಾ ಹಡಗಲಿಯ ತವರಿನಿಂದ ತರಿಸಿಕೊಂಡ ಸೈಕಲ್ಲಿಗೆ ಪಾಲಾಕ್ಷಪ್ಪ ಪ್ರದಕ್ಷಿಣೆ ಹಾಕಿ ನೋಡಿದ. ಟೈರು ಟ್ರ್ಯಾಕ್ಟರಿನ ಮರಿಯಂತೆ ದಪ್ಪವಾಗಿತ್ತು, ಬಣ್ಣ ಮಿರಮಿರ ಮಿಂಚುತ್ತಿತ್ತು. ಅದೆಲ್ಲ ಸರಿಯೆ. ಆದರೆ ಸ್ಟ್ಯಾಂಡು? ಇಲ್ಲ. ಕ್ಯಾರಿಯರ್? ಇಲ್ಲ. ಮಡ್‌ಗಾರ್ಡು, ಚೈನ್ ಕವರು, ಹೋಗಲಿ, ಒಂದು ಗಂಟೆ? ಅದೂ ಇಲ್ಲ.

"ಲೇ, ಅಂಗಡಿಯವ ನಮ್ಮ ಹುಡುಗಿಗೆ ಟೋಪಿ ಹಾಕ್ಯಾನ. ಅರ್ಧ ಸೈಕಲ್ ಕೊಟ್ಟು ಕಳಿಸ್ಯಾನ," ಎಂದ ಹೆಂಡತಿಗೆ.

ಜಂಬಕ್ಕ ರೊಟ್ಟಿ ಬಡಿಯುತ್ತಿದ್ದಳು. "ಅದು ಗುಡ್ಡ ಹತ್ತೋ ಸೈಕಲ್ ಅಂತ್ರಿ. ಹಂಗ ಇರ್ತಾವಂತ. ನಿಮಗ್ಯಾಕ ಅದರ ಉಸಾಬರಿ?"

"ಗುಡ್ಡ ಹತ್ತಿದ ಮ್ಯಾಲ ನಿಲ್ಸೋದು ಬ್ಯಾಡೇನು? ಎತ್ಕೊಂಡು ನಿಂದ್ರಬೇಕೇನು? ಗುಡೇಕೋಟಿ ಅಡವಿ ಕಡಿಂದ ಒಂದು ಕರಡಿ ಬಂತು ಅಂತ ತಿಳ್ಕ. ಗಂಟಿ ಇಲ್ಲಂದ್ರ ಏನ್ ಮಾಡ್ತಾಳ?"

"ಗಂಟಿ ಹೊಡದ್ರ ಕರಡಿ ಸೈಡ್ ಕೊಡ್ತೈತೇನು?"

ಮಾತಿನಲ್ಲಿ ಸೋತಾಗಲೆಲ್ಲ ಪಾಲಾಕ್ಷಪ್ಪ ಕೆಲಸಕ್ಕೆ ಇಳಿಯುತ್ತಿದ್ದ. ಆತನಿಂದ ಈ ಮನೆಗೆ ಆದ ಅನಾಹುತಗಳೆಲ್ಲ ಹಾಗೆ ಆದವುಗಳೇ.

ಹಾಗಂತ ಆತ ಕೆಟ್ಟ ಮನುಷ್ಯನಲ್ಲ. ಕುರಿಹಿಂಡನ್ನು ಗುಡೇಕೋಟೆಯ ತಮ್ಮನಿಗೆ ಒಪ್ಪಿಸಿ ಕೂಡ್ಲಿಗಿಯ ಮನೆಯಲ್ಲಿ ಆರಾಮಾಗಿ ಕೂತ ಮೇಲೆ ಕೈಗೆ ಕೆಲಸವಿರಲಿಲ್ಲ, ಅಷ್ಟೆ. ಜೊತೆಗೆ ಮೇಘಾ ಹೊಸ ಸೊಸೆ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. (ಮೇಷ್ಟ್ರಮ್ಮ ಎಂದರೆ ಆಕೆಗೆ ನಗು ಬರುತ್ತಿತ್ತು.) ಮದುವೆಯಾಗಿ ಬಂದಾಗಿನಿಂದ ಮಾವ ಸೊಸೆಯ ಸಂಭಾಷಣೆ "ಊಟ ಆತೇನವ್ವ?", "ಆತ್ರಿ ಮಾವಾರ" ಎಂಬಲ್ಲಿಗೆ ಬಂದು ಕೆಟ್ಟ ಬಸ್ಸಿನಂತೆ ನಿಂತುಬಿಟ್ಟಿತ್ತು. ಈ ಹುಡುಗಿಗೆ ಏನಾದರೂ ಒಂದು ಒಳ್ಳೆಯದು ಮಾಡಬೇಕು, ಆಕೆ ತನ್ನ ಮೇಲೆ ಪ್ರೀತಿ ಇಟ್ಟುಕೊಳ್ಳಬೇಕು ಎಂಬ ಆಸೆ ಆತನಿಗೆ. ಆಕೆಗೋ ಭಾನುವಾರ ಬಂದರೆ ಊರ ಹೊರಗಿನ ಟ್ರೀ ಪಾರ್ಕಿನದೇ ಧ್ಯಾನ. ಗುಡ್ಡದ ಬುಡದ ಆ ಕಾಡಿನಂಥ ಪಾರ್ಕಿನಲ್ಲಿ ಕಮರ, ಹೊಂಗೆ ಗಿಡಗಳ ನಡುವೆ ಸೈಕಲ್ ಹೊಡೆಯಲೆಂದೇ ಒಂದು ಡೊಂಕು ದಾರಿ ಮಾಡಿದ್ದರು. ನಾಲ್ಕೈದು ಜನ ಸೇರಿ ಅಲ್ಲಿ ಏರುತ್ತಿದ್ದರು, ಇಳಿಯುತ್ತಿದ್ದರು, ಮತ್ತೆ ಏರುತ್ತಿದ್ದರು. ಯಾಕೆಂದು ಪಾಲಾಕ್ಷಪ್ಪನಿಗೆ ತಿಳಿದಿರಲಿಲ್ಲ. ಆದರೆ ಅರ್ಧ ಸೈಕಲ್ಲಿನಲ್ಲಿ ಏರುತ್ತಾಳಲ್ಲ ಎಂಬ ಸಂಕಟ ಮಾತ್ರ ಇತ್ತು.

ಶನಿವಾರ ಆಕೆ ಶಾಲೆಗೆ ಹೋದದ್ದೇ ತಡ, ಸೈಕಲ್ಲನ್ನು ರಿಪೇರಿಯ ಓಬಳೇಶಪ್ಪನ ಅಂಗಡಿಗೆ ತಳ್ಳಿಕೊಂಡು ಹೋದ.

"ಇದಕ್ಕ ಕ್ಯಾರಿಯರ್ ಕುಂದ್ರಸಾಕ ಕಿಂಡೀನ ಇಲ್ರಿ," ಎಂದು ಓಬಳೇಶಪ್ಪ ತಲೆ ಕೆರೆದುಕೊಂಡ.

"ಕಿಂಡಿ ಇಲ್ಲಂದ್ರ ಪಟ್ಟಿ ಹಾಕಿ ಬಿಗಿ. ಗಟ್ಟಿ ಇರ್ಲಿ. ಹಂಗ ಸೀರಿ ಗಾರ್ಡೂ ಹಾಕು."

"ಅವ್ರು ಪ್ಯಾಂಟ್ ಹಾಕ್ಕೊಂಡು ಓಡ್ಸೋದು ನೋಡೀನ್ರಿ."

"ನಾಳಿ ಸೀರಿ ಉಟ್ರ?"

ಸಂಜೆಗೆ ಸೈಕಲ್ಲು ಮನೆಗೆ ಮರಳಿದಾಗ ಅದಕ್ಕೆ ಸ್ಟ್ಯಾಂಡಿತ್ತು, ಕ್ಯಾರಿಯರ್ ಇತ್ತು, ಎರಡೂ ಮಡ್‌ಗಾರ್ಡು, ಸೀರೆ ಗಾರ್ಡು, ಕೈಗೊಂದು ಗಂಟೆ, ಗಾಲಿಗಳ ಅಚ್ಚಿಗೆ ಬಣ್ಣದ ಕುಚ್ಚು. ಒಟ್ಟಿನಲ್ಲಿ ಗಂಡನ ಮನೆಗೆ ಹೊರಟ ಮದುಮಗಳು.

ಭಾನುವಾರ ಬೆಳಿಗ್ಗೆ ಹೆಲ್ಮೆಟ್ ಹಿಡಿದು ಹೊರಬಂದ ಮೇಘಾ ಪಡಸಾಲೆಯಲ್ಲಿ ನಿಂತಳು. "ಭಾಳ... ಭಾಳ ಚಲೋ ಆಗೈತ್ರಿ ಮಾವಾರ," ಎಂದಳು. ಆ ಎರಡು 'ಭಾಳ'ಗಳ ನಡುವೆ ಹೊಸಪೇಟೆಯ ಬಸ್ಸೊಂದು ಆರಾಮಾಗಿ ದಾಟಿಹೋಗಬಹುದಿತ್ತು. ಪಾಲಾಕ್ಷಪ್ಪ ಅದನ್ನು ಗಮನಿಸಲಿಲ್ಲ. ಮೀಸೆ ತಿರುವಿಕೊಂಡು ಚಹಾ ಕುಡಿದ.

ಅದೇ ದಿನ ಮಧ್ಯಾಹ್ನ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಾಗ ಕಿಟಕಿಯಿಂದ ಮಗ ಕಾಂತೇಶ ನಗುವುದು ಕೇಳಿಸಿತು.

"ಪಾರ್ಕಿನಾಗ ಎಲ್ರೂ ನಕ್ರೇನು?"

"ನಗಲಾರ್ದ ಬಿಡ್ತಾರೇನ್ರಿ?" ಇದು ಮೇಘಾ. "ಇಳಿಜಾರಿನಾಗ ನಾ ಗಂಟಿ ಮುಟ್ಟೇ ಇಲ್ಲ, ತಾನ ಬಡಕೊಂತ ಬಂತು. ಐಸ್ ಕ್ಯಾಂಡಿ ಬಂತು ಅಂತ ಕೂಗಿದ್ರು."

"ಬಿಚ್ಚಸಿಬಿಡು ಹಂಗಾರ."

"ಬ್ಯಾಡ್ರಿ. ಪಾಪ, ಮಾವಾರು ಎಷ್ಟು ಪ್ರೀತಿಲೆ ಹಾಕಸ್ಯಾರ. ನಾ ಹೆಂಗ ಹೇಳ್ಲಿ?"

ಐಸ್ ಕ್ಯಾಂಡಿಯನ್ನು ಪಾಲಾಕ್ಷಪ್ಪ ಹೇಗೋ ನುಂಗಿಕೊಂಡ. 'ಪಾಪ' ಎಂಬುದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಬೈದಿದ್ದರೂ ಚಿಂತೆಯಿರಲಿಲ್ಲ. ಈ ಹುಡುಗಿ ತನ್ನ ಮರ್ಯಾದೆ ಕಳೆದುಕೊಂಡು ಮಾವನ ಮನಸ್ಸು ಕಾಯುತ್ತಿದ್ದಾಳಲ್ಲ!

ತಕ್ಷಣ ಏನಾದರೂ ಮಾಡಬೇಕೆಂದರೆ ಸೋಮವಾರ ಬೆಳಿಗ್ಗೆಯೇ ತಮ್ಮ ಫೋನು ಮಾಡಿದ. ಕುರಿಗಳ ಉಣ್ಣೆ ಕತ್ತರಿಸುವುದಿದೆ, ಬಾ ಎಂದ. ಪಾಲಾಕ್ಷಪ್ಪ ಗುಡೇಕೋಟೆಗೆ ಹೋದ. ವಾರವೆಲ್ಲ ಕುರಿಯ ಮೈಮೇಲಿನ ಉಣ್ಣೆ ಇಳಿಯುವುದನ್ನು ನೋಡಿದಾಗಲೆಲ್ಲ ಸೈಕಲ್ಲೇ ನೆನಪಾಯಿತು. ಬೋಳಾದ ಕುರಿ ಎಷ್ಟು ಹಗುರವಾಗಿ ಜಿಗಿಯುತ್ತದೆ!

ಶನಿವಾರ ಮನೆಗೆ ಬಂದಾಗ ಸೊಸೆ ಶಾಲೆಯಲ್ಲಿದ್ದಳು, ಜಂಬಕ್ಕ ಸಂಘದ ಸಭೆಗೆ ಹೋಗಿದ್ದಳು. ಸೈಕಲ್ಲು ಪಡಸಾಲೆಯಲ್ಲಿ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಕ್ಯಾರಿಯರ್ ಮೇಲೆ ಹಳೆಯ ಕೌದಿಯೊಂದನ್ನು ಮಡಚಿ, ದಾರದಿಂದ ಬಿಗಿದು ಕಟ್ಟಿದ್ದರು. ಅಯ್ಯೋ, ಗಡಗಡ ಸದ್ದಾಗದಿರಲಿ ಎಂದು ಹುಡುಗಿ ಕೌದಿ ಕಟ್ಟುವ ಮಟ್ಟಕ್ಕೆ ಬಂದಿದ್ದಾಳೆ! ಪಾಲಾಕ್ಷಪ್ಪ ಕೌದಿ ಬಿಚ್ಚಿಟ್ಟು, ಸೈಕಲ್ಲನ್ನು ಮತ್ತೆ ಅಂಗಡಿಗೆ ತಳ್ಳಿದ.

"ಎಲ್ಲಾ ಬಿಚ್ಚು," ಎಂದ ಓಬಳೇಶಪ್ಪನಿಗೆ.

"ಏನ್ ಕೆಟ್ಟೈತ್ರಿ?"

"ನನ್ ತಲಿ ಕೆಟ್ಟಿತ್ತು. ಬಿಚ್ಚು."

ಬೋಳು ಸೈಕಲ್ಲನ್ನು ಒಳಕೋಣೆಯ ಗೋಡೆಗೆ ಒರಗಿಸಿ, ಮೇಲೆ ಚಾದರ ಹೊದಿಸಿದ. ಸಂಜೆ ಸೈಕಲ್ ಕೇಳಿದ ಸೊಸೆಗೆ, "ನಾಳಿ ಮುಂಜಾನಿ ನೋಡುವಂತಿ, ಇವತ್ತು ಮುಟ್ಟಬ್ಯಾಡ," ಎಂದ. ಬೆಳಿಗ್ಗೆ ತಾನೇ ಚಾದರ ಎತ್ತಬೇಕು, ಸೊಸೆಯ ಮುಖ ಅರಳುವುದನ್ನು ಕಣ್ತುಂಬ ನೋಡಬೇಕು.

ಭಾನುವಾರ ಮೇಘಾ ಹೆಲ್ಮೆಟ್ ಹಾಕಿಕೊಂಡು ಬಂದಳು. ಆಕೆಯ ಹಿಂದೆ ಜಂಬಕ್ಕನೂ ಬಂದಳು. ಒಳ್ಳೆಯ ಸೀರೆ, ಕಿವಿ ಮುಚ್ಚುವಂತೆ ಕಟ್ಟಿದ ವಸ್ತ್ರ, ಕೈಯಲ್ಲಿ ರೊಟ್ಟಿಯ ಗಂಟು. ಪಾಲಾಕ್ಷಪ್ಪ ಜಾದೂಗಾರನಂತೆ ಚಾದರ ಎಳೆದ.

ಯಾರ ಮುಖವೂ ಅರಳಲಿಲ್ಲ.

"ನನ್ ಸೀಟ್ ಎಲ್ರಿ?" ಎಂದಳು ಜಂಬಕ್ಕ.

"ಯಾವ ಸೀಟು?"

ಮೇಘಾ ಮೆಲ್ಲಗೆ ಹೇಳಿದಳು, "ಮಾವಾರ, ನೀವು ಗುಡೇಕೋಟಿಗೆ ಹೋದಾಗಿಂದ ಅತ್ತಿ ದಿನಾ ಸಂಜಿಕ ನನ್ ಹಿಂದ ಕುಂತು ಪಾರ್ಕಿಗೆ ಬರಾಕತ್ಯಾರ್ರಿ. ಏರಿನಾಗ ಇಳದು ನಡಿತೀವಿ, ಸಪಾಟ ಬಂದ್ರ ಮತ್ತ ಕುಂದ್ರತಾರ. ಕ್ಯಾರಿಯರ್ ಚುಚ್ಚತೈತಿ ಅಂತ ಕೌದಿ ಕಟ್ಟಿದ್ವಿ."

"ಮದಿವ್ಯಾಗಿ ಬಂದಾಗಿಂದ ಬಾಗಲಾಗ ನಿಂತು ಆ ಗುಡ್ಡ ನೋಡೀನಿ," ಎಂದಳು ಜಂಬಕ್ಕ. ದನಿ ಏರಿರಲಿಲ್ಲ, ಅದೇ ಭಯ ಹುಟ್ಟಿಸುವಂತಿತ್ತು. "ಗುಡ್ಡದ ಮ್ಯಾಲಿಂದ ನಮ್ಮ ಬಾಗಲ ನೋಡಿದ್ದು ಮನ್ನಿ ಮಂಗಳಾರ. ನಿಮ್ ಸೈಕಲ್ ಮ್ಯಾಲ ಕುರಿಮರಿ ಕುಂತೈತಿ, ಹಿಂಡಿ ಚೀಲ ಕುಂತೈತಿ. ನಾ ಒಂದಿನಾರ ಕುಂತೀನೇನು?"

"ಕುಂದ್ರಬೇಕಂತ ನೀ ಯಾವತ್ತಾರ ಹೇಳಿದ್ದೇನು?"

"ಹಿಂಡಿ ಚೀಲ ಹೇಳಿತ್ತೇನು?"

ಪಾಲಾಕ್ಷಪ್ಪ ಸೊಸೆಯ ಕಡೆ ತಿರುಗಿದ. "ಮೇಘವ್ವ, ನಿನಗ ಬ್ಯಾಡಾಗಿತ್ತಲ್ಲವ್ವ? ಕಿಟಕ್ಯಾಗ ಕೇಳೀನಿ ನಾ!"

ಆಕೆ ನಾಲಿಗೆ ಕಚ್ಚಿಕೊಂಡಳು. "ಅದು ಹ್ವಾದ ಐತಾರದ ಮಾತ್ರಿ ಮಾವಾರ."

ಐತಾರದಿಂದ ಐತಾರಕ್ಕೆ, ಒಂದೇ ವಾರದಲ್ಲಿ, ಹೆಂಗಸರ ಲೋಕದಲ್ಲಿ ಏನೇನು ಬದಲಾಗುತ್ತದೆಂದು ಗಂಡಸಿಗೆ ಯಾರು ಹೇಳಬೇಕು? ಈಗಲೇ ಹೋಗಿ ಎಲ್ಲ ತಿರುಗಿ ಹಾಕಿಸಿಕೊಂಡು ಬರುತ್ತೇನೆಂದು ಹೊರಟರೆ ಓಬಳೇಶಪ್ಪನ ಅಂಗಡಿ ಭಾನುವಾರ ಬಂದ್. ಅಷ್ಟರಲ್ಲಿ ಜಂಬಕ್ಕ ಅಂಗಳದಲ್ಲಿದ್ದ ಗಂಡನ ಹಳೇ ಸೈಕಲ್ಲಿನ ಕ್ಯಾರಿಯರ್ ಒರೆಸಿ, ಅದರ ಮೇಲೆ ಕೌದಿ ಕಟ್ಟಿ, ರೊಟ್ಟಿಯ ಗಂಟನ್ನು ಹ್ಯಾಂಡಲ್ಲಿಗೆ ತೂಗುಹಾಕಿದ್ದಳು.

"ನಡೀರಿ," ಎಂದಳು.

ಪಾರ್ಕಿನ ಡೊಂಕು ದಾರಿಯಲ್ಲಿ ಮೇಘಾ ಬೋಳು ಸೈಕಲ್ಲಿನ ಮೇಲೆ ಹಕ್ಕಿಯಂತೆ ಮುಂದೆ ಹೋದಳು. ಹಿಂದೆ ಪಾಲಾಕ್ಷಪ್ಪ. ಕಮರದ ಬೇರು ಬಂದಾಗೊಮ್ಮೆ ಆತನ ಸೊಂಟ ಕೆಳಗಿಳಿಯುತ್ತಿತ್ತು, ಜಂಬಕ್ಕ ಮೇಲೇರುತ್ತಿದ್ದಳು. ಎದುರಾದ ಸೈಕಲ್ಲಿನವರು ದಾರಿ ಬಿಟ್ಟು ನಿಂತು ಚಪ್ಪಾಳೆ ತಟ್ಟಿದರು. ಜಂಬಕ್ಕ ಅವರಿಗೆಲ್ಲ ಕೈಬೀಸಿದಳು. ಸೊಸೆಯೊಂದಿಗೆ ಏರಿನಲ್ಲಿ ಇಳಿದು ನಡೆಯುತ್ತಿದ್ದವಳು ಗಂಡನ ಸೈಕಲ್ಲಿನಿಂದ ಮಾತ್ರ ಎಲ್ಲಿಯೂ ಇಳಿಯಲಿಲ್ಲ.

ಗುಡ್ಡದ ತುದಿಗೆ ಬಂದಾಗ ಪಾಲಾಕ್ಷಪ್ಪನಿಗೆ ಊರು ಎರಡೆರಡಾಗಿ ಕಾಣುತ್ತಿತ್ತು. "ನಾಳಿ ಮದ್ಲ ಸೊಸಿ ಸೈಕಲ್ಲಿಗೆ ಎಲ್ಲಾ ತಿರುಗಿ ಹಾಕಸ್ತೀನಿ," ಎಂದ ಏದುಸಿರು ಬಿಡುತ್ತ.

"ಏನೂ ಬ್ಯಾಡ," ಎಂದಳು ಜಂಬಕ್ಕ, ರೊಟ್ಟಿ ಬಿಚ್ಚುತ್ತ. "ಹುಡುಗಿ ಹಗೂರಕ ಓಡಾಡ್ಲಿ. ನನಗ ಇದ ಚಲೋ ಐತಿ, ಅಗಲ ಐತಿ. ವಾರಕ್ಕೊಮ್ಮೆ ಬಂದ್ರ ಸಾಕು."

ಮೇಘಾ ನಗು ತಡೆದುಕೊಂಡು ಮಾವನ ಸೈಕಲ್ಲಿನ ಬಳಿ ಬಗ್ಗಿದಳು. "ಮಾವಾರ, ಮುಂದಿಂದು ಪೂರಾ ಇಳಿಜಾರು. ನಿಮ್ ಬ್ರೇಕ್ ಸರಿ ಹಿಡೀತಾವಲ್ರಿ?"

ಪಾಲಾಕ್ಷಪ್ಪ ಸವೆದುಹೋಗಿದ್ದ ಬ್ರೇಕಿನ ಕಡೆ ನೋಡಿದ. ಓಬಳೇಶಪ್ಪನ ಅಂಗಡಿಗೆ ಅಷ್ಟು ಓಡಾಡಿದ್ದರೂ ಸ್ವಂತ ಸೈಕಲ್ಲಿನ ಬ್ರೇಕ್ ತೋರಿಸಬೇಕೆಂದು ಹೊಳೆದಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಜಂಬಕ್ಕ ಹಿಂದೆ ಹತ್ತಿ ಕೂತು, ಸೆರಗು ಬಿಗಿದು, ಗಂಡನ ಬೆನ್ನು ತಟ್ಟಿದಳು.

"ಹೂಂ, ಬಿಡ್ರಿ."